ಅತ್ತೆಯ ನಿದ್ದೆಗೊಂದು ನೀರಿನ ಪಂಪು

ನಮ್ಮ ಮನೆಯಲ್ಲಿ ಅತ್ತೆಗೂ ನನ್ನ ಕಂಪ್ಯೂಟರಿಗೂ ನಡುವೆ ಇದ್ದದ್ದು ಒಂದು ತೆಳು ಪ್ಲೈವುಡ್ ಗೋಡೆ. ಗೋಡೆಯಾಚೆ ಅತ್ತೆ ನರಳುತ್ತಿದ್ದರು, ಈಚೆ ಕಂಪ್ಯೂಟರು ನರಳುತ್ತಿತ್ತು. ಯಾರ ನರಳಾಟ ಜೋರು ಎಂದು ಕೇಳಿದರೆ, ನಿಸ್ಸಂಶಯವಾಗಿ ಕಂಪ್ಯೂಟರಿನದು. ಬೈಸಿಕೊಳ್ಳುತ್ತಿದ್ದವನು ಮಾತ್ರ ನಾನು.

ನನ್ನ ಕಸುಬು ಫ್ಲೆಕ್ಸ್ ತಯಾರಿಸುವುದು. ಫಿಲಿಪ್ಪೀನ್ಸಿನ ಬಾಕೋಲೋದ್ ಊರಿನ ನಮ್ಮ ಓಣಿಯಲ್ಲಿ ಯಾರ ಹುಟ್ಟುಹಬ್ಬ, ಯಾರು ನರ್ಸಿಂಗ್ ಪಾಸು, ಯಾರು ಸ್ವರ್ಗಸ್ಥರಾದರು, ಎಲ್ಲರ ಮುಖವೂ ನನ್ನ ಪರದೆಯ ಮೇಲೆ ಹಾದೇ ಬೀದಿಗೆ ಹೋಗಬೇಕು. (ಸತ್ತವರನ್ನು ಬೆಳ್ಳಗೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.) ಯಂತ್ರವೋ, ಮುಚ್ಚಿಹೋದ ಇಂಟರ್ನೆಟ್ ಅಂಗಡಿಯಿಂದ ಹೊತ್ತು ತಂದದ್ದು. ತಗಡಿನ ಮಾಡಿನ ಕೆಳಗೆ ಕೂತು ಒಂದು ದೊಡ್ಡ ಫೋಟೋ ತೆರೆದರೆ ಸಾಕು, ಒಳಗಿನ ಫ್ಯಾನುಗಳು ವಿಮಾನ ಹೊರಟ ಹಾಗೆ ಅಬ್ಬರಿಸುತ್ತಿದ್ದವು. ನಾನೂ ನನ್ನ ಹೆಂಡತಿ ವ್ಯಾಂಜಿಯೂ ಆ ಕೋಣೆಯಲ್ಲಿ ಮಾತಾಡುತ್ತಿದ್ದದ್ದು ಕಿರುಚಿಯೇ. ಪ್ರೀತಿಯ ಮಾತನ್ನೂ.

ಅತ್ತೆಗೆ ಲಿವರಿನಲ್ಲಿ ಗಡ್ಡೆ. ಅವರಿಗೆ ನಾವು ಹೇಳಿದ್ದು ಹೊಟ್ಟೆಹುಣ್ಣು ಎಂದು.

"ಅಮ್ಮಂಗೆ ಹಗಲು ಒಂದು ಗಳಿಗೆ ಕಣ್ಣು ಮುಚ್ಚೋಕಾಗ್ತಿಲ್ಲ ರೊಡೆಲ್," ಅಂದಳು ವ್ಯಾಂಜಿ. "ಆ ರಾಕ್ಷಸನ ಬಾಯಿ ಮುಚ್ಸು. ಇಲ್ದಿದ್ರೆ ಅದನ್ನೂ ನಿನ್ನನ್ನೂ ಹಂದಿಗೂಡಿಗೆ ಸಾಗಿಸ್ತೀನಿ."

ಹಂದಿಗೂಡಿನಲ್ಲಿ ಆಗಲೇ ಒಂದು ಹಂದಿ ಇತ್ತು, ಕ್ರಿಸ್ಮಸ್ಸಿಗೆಂದು ಕೊಬ್ಬುತ್ತಾ. ಹಾಗಾಗಿ ನಾನು ಮಹಾ ಜಲಶೀತಲೀಕರಣ ಯೋಜನೆಗೆ ಕೈ ಹಾಕಿದೆ. ಅಂದರೆ, ಫ್ಯಾನಿನ ಬದಲು ನೀರು ಹರಿಸಿ ಯಂತ್ರವನ್ನು ತಣ್ಣಗಿಡುವುದು. ಅಂಗಡಿಯಲ್ಲಿ ಸಿಗುವ ಸಿದ್ಧ ಸೆಟ್ಟಿನ ಬೆಲೆ ನೋಡಿದಾಗ ಮೊದಲು ತಣ್ಣಗಾದವನು ನಾನು. ಕೂಲಿಂಗ್ ಬೇಕು ಎಂದು ಕೂಲಿಯೆಲ್ಲ ಕಳೆಯಲಾದೀತೆ? ಬಿಡಿಭಾಗ ಆರಿಸಿ ನಾನೇ ಕಟ್ಟುತ್ತೇನೆ ಎಂದು ಹೊರಟೆ.

ಬಿಸಿಯಾದ ನೀರನ್ನು ಆರಿಸಲು ಗುಜರಿಯಲ್ಲಿ ಮುರಿದ ಬೈಕಿನ ರೇಡಿಯೇಟರು ಸಿಕ್ಕಿತು. ಪ್ರೊಸೆಸರಿನ ಮೇಲೆ ಕೂರಿಸುವ ಲೋಹದ ಗಟ್ಟಿ ತಾಮ್ರದ್ದೇ ಆದರೆ ಚೆಂದ ಎಂದು ಮನಸ್ಸು ಹಾರಿತು. ಆದರೆ ರೇಡಿಯೇಟರು ಅಲ್ಯೂಮಿನಿಯಂ. ಒಂದೇ ನೀರಿನಲ್ಲಿ ಅವೆರಡನ್ನೂ ಬಿಟ್ಟರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. (ಒಂದೇ ಸೂರಿನಡಿ ಅಳಿಯನೂ ಅತ್ತೆಯೂ ಇರುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಹೀಗೆ ಅಗ್ಗದ ಅಲ್ಯೂಮಿನಿಯಂ ಗಟ್ಟಿಯೇ ಗತಿಯಾಯಿತು. ಪಂಪು ಅಲಂಕಾರದ ಮೀನಿನ ಅಂಗಡಿಯದು. ಅತೀ ಚಿಕ್ಕದಾದರೆ ನೀರು ಮೇಲೇರದು, ದೊಡ್ಡದಾದರೆ ಅದೇ ಗುರುಗುಟ್ಟುತ್ತದೆ. ನಡುವಿನದೊಂದನ್ನು ತಂದೆ. ಪೈಪು ಬಿಗಿಯಲು ಗ್ಯಾಸ್ ಒಲೆಯ ಕ್ಲಿಪ್ಪುಗಳು.

ರೇಡಿಯೇಟರಿನ ಹೊಟ್ಟೆ ತೊಳೆಯಲು ಅಡುಗೆಮನೆಯ ವಿನೆಗರನ್ನಷ್ಟೂ ಸುರಿದೆ.

"ಅಡೋಬೋ ಮಾಂಸಕ್ಕೆ ಇಟ್ಟಿದ್ದ ವಿನೆಗರ್ ಎಲ್ಲಿ?"

"ರೇಡಿಯೇಟರಿಗೆ ಹೋಯ್ತು."

"ಹಾಗಾದ್ರೆ ಮಧ್ಯಾಹ್ನ ಅದನ್ನೇ ಕಡಿ."

ಸೇಡಿಗೋ ಏನೋ, ಪೈಪಿಗೆ ತುಂಬಲು ನಾನು ತಂದಿಟ್ಟ ಡಿಸ್ಟಿಲ್ಡ್ ನೀರಿನಲ್ಲಿ ಅವಳು ಅನ್ನ ಬೇಯಿಸಿದಳು. ಇನ್ನೊಂದು ಬಾಟಲಿ ತಂದು ಕಾವಲು ಕೂತೆ. ಕಂಪ್ಯೂಟರಿಗೆ ಜೋಡಿಸುವ ಮೊದಲು ಬರೀ ಪಂಪು ಓಡಿಸಿ, ಪ್ರತಿ ಕೀಲಿನ ಕೆಳಗೂ ಟಿಶ್ಯೂ ಹಾಸಿ, ಸೋರುತ್ತದೆಯೇ ಎಂದು ಕಾದೆ. ಹೆರಿಗೆ ಕೋಣೆಯ ಹೊರಗೂ ಯಾರೂ ಅಷ್ಟು ಕಾದಿರಲಿಕ್ಕಿಲ್ಲ. ಒಂದು ಹನಿಯೂ ಬೀಳಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು. ಸದ್ದಿಲ್ಲ! ರೇಡಿಯೇಟರಿನ ಬೆನ್ನಿಗೆ ಕಟ್ಟಿದ ದೊಡ್ಡ ಫ್ಯಾನು ಎಳೆಗರುವಿನಂತೆ ಉಸಿರಾಡುತ್ತಿತ್ತು, ಅಷ್ಟೇ. ಇರುವುದರಲ್ಲೇ ಭಾರಿ ಫೋಟೋ ತೆರೆದೆ. ಆಗಲೂ ಸದ್ದಿಲ್ಲ. ಅಷ್ಟರಲ್ಲಿ ವ್ಯಾಂಜಿ ಹೊರಗಿಂದ ಬಂದಳು. ಎದೆಯುಬ್ಬಿಸಿ ಕೇಳಿದೆ:

"ಏನಾದ್ರೂ ಕೇಳಿಸ್ತಾ?"

"ಕೇಳ್ದೆ!" ಎಂದು ಅಭ್ಯಾಸಬಲದಿಂದ ಕಿರುಚಿದಳು. "ಡಾಕ್ಟರ್ ಈಗ್ತಾನೇ ಫೋನ್ ಮಾಡಿದ್ರು! ಔಷಧಿ ಏನೂ ಹಿಡೀತಿಲ್ವಂತೆ! ಅಮ್ಮ ಕ್ರಿಸ್ಮಸ್ ನೋಡೋದು ಕಷ್ಟ ಅಂದ್ಬಿಟ್ರು!"

ನಾನು ಎರಡೂ ಕೈ ಎತ್ತಿ ತಡೆದೆ. ತಡವಾಗಿತ್ತು. ಕೋಣೆಯ ತುಂಬ ನನ್ನ ಸ್ವಂತ ದುಡಿಮೆಯ, ನಿರ್ಮಲವಾದ ಮೌನ.

ಪ್ಲೈವುಡ್ಡಿನಾಚೆಯಿಂದ ಅತ್ತೆಯ ದನಿ ಬಂತು. "ಯಾವ ಕ್ರಿಸ್ಮಸ್? ಈ ವರ್ಷದ್ದಾ, ಮುಂದಿನ ವರ್ಷದ್ದಾ?"

ವ್ಯಾಂಜಿ ಒಳಗೆ ಓಡಿದಳು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವತ್ತು ಅವರು ಗಂಜಿ ಮುಟ್ಟಲಿಲ್ಲ. ಮಗಳು ಕಾಲೊತ್ತಿದರೆ ಕಾಲು ಎಳೆದುಕೊಂಡರು.

ಹಿತ್ತಲಲ್ಲಿ ವ್ಯಾಂಜಿ ನನ್ನನ್ನು ಹಿಡಿದಳು. ಕಣ್ಣು ಕೆಂಡ.

"ಸದ್ದು ಕಮ್ಮಿ ಮಾಡು ಅಂದೆ. ಇಷ್ಟು ಕಮ್ಮಿ ಮಾಡು ಅಂದ್ನಾ?"

ನಾನು ಹಂದಿಗೆ ಮುಸುರೆ ಇಡಲು ಹೋದೆ.

ಮರುದಿನ ಬೆಳಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ನನ್ನ ಕೋಣೆಗೇ ಬಂದರು. ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತರು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು.

"ಟೋಟೋ," ಅಂದರು. ಮಗು ಎಂದು ಕರೆಯುವ ನಮ್ಮೂರ ಮಾತು ಅದು. ಅವರ ಬಾಯಲ್ಲಿ ಅದು ಬೈಗುಳವೂ ಹೌದು. "ನನ್ನ ಫ್ಲೆಕ್ಸ್ ಮಾಡು. ಈಗ್ಲೇ. ನಾನು ನೋಡ್ಬೇಕು."

"ನಾನಾಯ್, ಅದೆಲ್ಲ ಯಾಕೆ ಈಗ..." ಅಂದೆ. ನಾನಾಯ್ ಎಂದರೆ ಅಮ್ಮ.

"ಮತ್ಯಾವಾಗ? ನಾನು ಹೋದ್ಮೇಲೆ ನೀನು ನನ್ನ ಹೆಸರು ತಪ್ಪು ಬರೀತೀಯ. ಮೇಲಿನ ಬೀದಿಯವಳನ್ನ ಹುಟ್ಟೋ ಮೊದ್ಲೇ ಸಾಯ್ಸಿದ್ದೆ."

ಅದು ಇಸವಿಯ ಅಂಕಿ ಅದಲುಬದಲಾದದ್ದು. ಹೊಸ ಫೈಲು ತೆರೆದೆ.

ಅಂಥ ಗಿರಾಕಿಯನ್ನು ನಾನು ಕಂಡಿಲ್ಲ. ದಿನಾ ಬೆಳಗ್ಗೆ ಬಂದು ಕೂರುವರು. ಗುಲಾಬಿ ಹೂವಿನ ಅಂಚು ಹಾಕಿದರೆ "ನಾನೇನು ಕೇಕಾ?" ಮೋಡ ಹಾಕಿದರೆ "ಮಳೆ ಬರೋ ಹಾಗಿದೆ." ಪಾರಿವಾಳ ಹಾಕಿದರೆ "ಅದು ನನ್ನ ಕಣ್ಣು ಕುಕ್ಕೋಕೆ ಬರ್ತಿದೆ." ಫೋಟೋಗಳಂತೂ ಒಂದೂ ಹಿಡಿಸಲಿಲ್ಲ. ಎಲ್ಲದರಲ್ಲೂ ಯಾರದೋ ಶವ ನೋಡಲು ಬಂದವರ ಹಾಗೆ ನಿಂತಿದ್ದಾರೆ. ಕೆಲವು ದಿನ ನೋವು ಹೆಚ್ಚಿ, ಮಾತಿನ ನಡುವೆಯೇ ಮೇಜು ಹಿಡಿದು ಕಣ್ಣು ಮುಚ್ಚಿಬಿಡುವರು. ನಾನು ಇಲಿಯನ್ನು (ಕಂಪ್ಯೂಟರಿನದನ್ನು) ಸುಮ್ಮನೆ ಅತ್ತಿತ್ತ ಆಡಿಸುತ್ತಾ ಕಾಯುವೆ. ನೋವು ಇಳಿದ ಕೂಡಲೇ, "ಆ ಅಕ್ಷರ ಇನ್ನೂ ದಪ್ಪ ಮಾಡು."

ಕೊನೆಗೆ ಒಂದು ಫೋಟೋ ಸಿಕ್ಕಿತು. ಬಾಯಿ ತುಂಬ ನಗುತ್ತಿದ್ದಾರೆ. ನಮ್ಮ ಮದುವೆಯದು.

"ಇದೇ," ಅಂದರು. "ಪಕ್ಕದಲ್ಲಿರೋನನ್ನ ತೆಗಿ."

"ಅದು ನಾನು, ನಾನಾಯ್."

"ಗೊತ್ತು."

ನನ್ನ ಕೈಯಾರೆ ನನ್ನನ್ನು ಅಳಿಸಿದೆ. ಕಿವಿ, ಕೋಟು, ಬಾಡಿಗೆಯ ಟೈ ಎಲ್ಲ ಹೋಯಿತು. ಅವರ ಭುಜದ ಮೇಲಿದ್ದ ನನ್ನ ಕೈಬೆರಳುಗಳು ಮಾತ್ರ ಉಳಿದವು. ಅವನ್ನೂ ಅಳಿಸಿ, ಕೆಳಗಿದ್ದ ಅವರ ಅಂಗಿಯ ಲೇಸನ್ನು ಹೊಸದಾಗಿ ಬರೆಯಲು ಹೊರಟಾಗ ಅವರು ತಡೆದರು. ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡು. ಅದೇನೂ ಭಾರ ಇಲ್ಲ."

ಡಾಕ್ಟರ ಮಾತು ಸುಳ್ಳಾಗಲಿಲ್ಲ. ಕ್ರಿಸ್ಮಸ್ಸಿಗೆ ಮೊದಲೇ, ಒಂದು ಬೆಳಗ್ಗೆ, ವ್ಯಾಂಜಿ ಮುಖ ಒರೆಸುತ್ತಿರುವಾಗ ಹೋದರು. ಹಂದಿ ಕಡಿದದ್ದು ಶವ ಕಾಯಲು ಬಂದವರ ಊಟಕ್ಕೆ. ನಮ್ಮೂರ ಸಾವಿನ ಮನೆಯ ಪದ್ಧತಿಯಂತೆ ಮನೆಮುಂದೆ ಟೆಂಟು, ಇಸ್ಪೀಟು, ಬಿಸ್ಕತ್ತು. ಗೇಟಿನ ಮೇಲೆ ಆಳೆತ್ತರದ ಫ್ಲೆಕ್ಸಿನಲ್ಲಿ ಅತ್ತೆ ನಗುತ್ತಿದ್ದರು. ಹೆಸರಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬಂದ ಹೆಂಗಸರೆಲ್ಲ ಅದರ ಮುಂದೆ ನಿಂತು ಮೂಗೊರೆಸಿಕೊಂಡರು.

"ನೋಡೇ," ಅಂದರು ವ್ಯಾಂಜಿಯ ಚಿಕ್ಕಮ್ಮ ಕಾರಿಂಗ್, ಆ ಬೆರಳುಗಳನ್ನು ಸವರುತ್ತಾ. "ಭಾವ ಹೋಗಿ ಇಷ್ಟು ವರ್ಷ ಆಯ್ತು. ಇನ್ನೂ ಹೆಗಲ ಮೇಲೆ ಕೈ ಇಟ್ಟು ಕರ್ಕೊಂಡ್ ಹೋಗೋಕೆ ಬಂದಿದಾರೆ. ಎಂಥ ಪುಣ್ಯಾತ್ಮ! ಈಗಿನ ಗಂಡಸರೂ ಇದಾರೆ..." ಎಂದು ನನ್ನ ಕಡೆ ನೋಡಿದರು.

ನಾನು ಬಾಯಿ ತೆರೆದೆ. ವ್ಯಾಂಜಿ ನನ್ನ ತೋಳು ಹಿಡಿದಳು. "ಸುಮ್ನಿರು. ಅಪ್ಪನದ್ದೇ ಆಗ್ಲಿ."

ಆ ಕೈ ಯಾರದು ಎಂದು ಕೇಳಿದವರಿಗೆಲ್ಲ ಮಾವನದು ಅಂದೆ, ಅದೇ ಕೈಯಿಂದ ಕಾಫಿ ಕೊಟ್ಟೆ. ಸಕ್ಕರೆ ಕಮ್ಮಿಯಾಯಿತು ಅಂದರು.