ಮೊದ್ಲು ಕೋಚನ್ನ ತಗೀಬೇಕು

ನಮ್ಮ ದೇಶದ ಟೀಮು ಗೆದ್ದ ದಿನ ನನ್ನನ್ನು ಯಾರೂ ಕೇಳುವುದಿಲ್ಲ. ಸೋತ ದಿನ ಮಾತ್ರ, ಗಂಜಾಂನ ನಮ್ಮ ಬೀದಿಯಲ್ಲಿ ಹಾಲು ತರಲು ಹೊರಟರೂ ಸಾಕು, ಯಾರಾದರೂ ಅಡ್ಡ ನಿಂತು "ಏನ್ ಮೇಷ್ಟ್ರೇ ಇದು ಅನ್ಯಾಯ?" ಎಂದು, ನಾನೇ ಆಡಿ ಸೋಲಿಸಿ ಬಂದವನ ಹಾಗೆ ತರಾಟೆಗೆ ತೆಗೆದುಕೊಳ್ಳುತ್ತಾರೆ. ತಪ್ಪು ನನ್ನದಲ್ಲ, ನನ್ನ ಕೆಲಸದ್ದು. ನಾನು ಹೈಸ್ಕೂಲಿನ ಪೀಟಿ ಮೇಷ್ಟ್ರು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಸುತ್ತಿ ಈಗ ಶ್ರೀರಂಗಪಟ್ಟಣಕ್ಕೆ ಬಂದು ಕೂತಿದ್ದೇನೆ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡವರೆಲ್ಲ ಕೋಚುಗಳೇ ಎಂದು ನಮ್ಮ ಕಡೆಯ ಜನ ತೀರ್ಮಾನಿಸಿಬಿಟ್ಟಿದ್ದಾರೆ.

ಜೊತೆಗೆ ನನಗೂ ಬಾಯಿ ಸುಮ್ಮನಿರುವುದಿಲ್ಲ. ಒಂದು ಕಾಲದಲ್ಲಿ ಎಲ್ಲರನ್ನೂ ನಡುಗಿಸುತ್ತಿದ್ದ ವೆಸ್ಟ್ ಇಂಡೀಸಿಗೆ ಏನಾಯಿತು, ಶ್ರೀಲಂಕಾದವರು ಮತ್ತೆ ಮೇಲೇಳಲು ಏನು ಮಾಡಬೇಕು, ನಮ್ಮವರು ಸ್ವಂತ ನೆಲದಲ್ಲೇ ಸ್ಪಿನ್ನಿಗೆ ಯಾಕೆ ತಡವರಿಸುತ್ತಾರೆ, ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಇಂಥವನಿಗೆ ಈಗ ಹೇಳುವಂಥವು ಆಗದೆ ಇನ್ನೇನು ಆದೀತು?

ಅರ್ಧ ಕ್ಷೌರ

ಪಾಂಡವಪುರದಲ್ಲಿದ್ದಾಗ ಒಂದು ಭಾನುವಾರ ಕಟಿಂಗ್ ಶಾಪಿಗೆ ಹೋಗಿದ್ದೆ. ಅಂಗಡಿಯವನು ಕನ್ನಡಿಗೆ ಮೊಬೈಲು ಒರಗಿಸಿ ಟೆಸ್ಟ್ ಮ್ಯಾಚು ಹಾಕಿಕೊಂಡಿದ್ದ. ಕೊನೆಯ ದಿನ. ನಮ್ಮವರು ಗೆಲ್ಲುವ ಮಾತು ಬೆಳಿಗ್ಗೆಯೇ ಮುಗಿದಿತ್ತು, ಸಂಜೆವರೆಗೆ ನಿಂತುಕೊಂಡು ಮಾನ ಉಳಿಸಿಕೊಂಡರೆ ಸಾಕಿತ್ತು. ಅಷ್ಟೂ ಆಗುವ ಲಕ್ಷಣ ಇರಲಿಲ್ಲ.

ಕೆನ್ನೆಗೆ ನೊರೆ ಹಚ್ಚಿ, ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ, ಬಲಗೆನ್ನೆ ಮುಗಿಸಿ, ಕತ್ತಿಯನ್ನು ನನ್ನ ಗಂಟಲ ಮೇಲೆ ಇಟ್ಟು ಕೇಳಿದ: "ಸಾ, ಬ್ಯಾಟಿಂಗ್ ಕೋಚು ಅಂತ ಒಬ್ಬನ್ನ ಮಡೀಕಂಡವ್ರಲ್ಲ, ಅವ್ನು ಏನ್ ಹೇಳ್ಕೊಡ್ತಾನೆ ಇವ್ರಿಗೆ?"

ಗಂಟಲ ಮೇಲೆ ಕತ್ತಿ ಇದ್ದಾಗ ನನಗೆ ಯಾವ ಅಭಿಪ್ರಾಯವೂ ಇರುವುದಿಲ್ಲ. ಕಣ್ಣು ಮಾತ್ರ ಮಿಟುಕಿಸಿದೆ.

"ಆಫ್ ಸ್ಟಂಪ್ ಎಲ್ಲೈತೆ ಅಂತ ಗೊತ್ತಿರ್ಬೇಕು ಸಾ ಮೊದ್ಲು. ನೋಡಿ, ಇದು ಆಫ್ ಸ್ಟಂಪು," ಎಂದು ಕತ್ತಿಯನ್ನು ನನ್ನ ಬಲಗಿವಿಗೆ ತಂದ. "ಇದು ಮಿಡ್ಲು," ಮೂಗಿನ ತುದಿ. "ಇದು ಲೆಗ್ಗು," ಎಡಗಿವಿ. "ಬಾಲು ಇಂಗೆ ಈಚೆ ಓಯ್ತಾ ಇದ್ರೆ," ಎಂದು ಕತ್ತಿಯನ್ನು ಬಲಗಿವಿಯ ಪಕ್ಕದಲ್ಲಿ ಸುಯ್ಯೆಂದು ಬೀಸಿದ, "ಬುಟ್ಬುಡ್ಬೇಕು! ಮುಟ್ಟಬಾರ್ದು!"

ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಅವನು ಹೇಳಿದ ಬಾಲನ್ನು ನಾನು ಖಂಡಿತ ಮುಟ್ಟುತ್ತಿರಲಿಲ್ಲ. ಮೊಬೈಲಿನಲ್ಲಿ ನಮ್ಮ ಬ್ಯಾಟ್ಸ್‌ಮನ್ ಅದೇ ಬಾಲಿಗೆ ಕೈ ಹಾಕಿದ. ಸ್ಲಿಪ್ಪಿನಲ್ಲಿ ಕ್ಯಾಚು. ಕೊನೆಯ ವಿಕೆಟ್ಟು.

ಅಂಗಡಿಯವನು ಕತ್ತಿ ಕೆಳಗಿಟ್ಟ. ಮೊಬೈಲು ಜೇಬಿಗೆ ಹಾಕಿದ. ಷಟರು ಅರ್ಧ ಇಳಿಸಿ ನನ್ನ ಕಡೆ ನೋಡಿದ. ನನಗೆ ಆಗಿದ್ದು ಬಲಗೆನ್ನೆ ಮಾತ್ರ.

"ಲೇ, ಇನ್ನೊಂದು ಕಡೆ?" ಅಂದೆ.

"ಇವತ್ ಕೈ ನಡುಗ್ತೈತೆ ಸಾ, ಬ್ಯಾಡ. ಅದನ್ನ ನಾಳೆ ಸೆಕೆಂಡ್ ಇನ್ನಿಂಗ್ಸಲ್ಲಿ ನೋಡ್ಕಳವಾ."

ಅಮ್ಮನವರ ಮುಂದೆ

ನಮ್ಮ ಪಕ್ಕದ ಮನೆಯವರು ರಿಟೈರ್ಡ್ ಬಸ್ ಡ್ರೈವರು. ಟೀಮು ಸಾಲಾಗಿ ಸೋಲುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡಿ, ಹಣ್ಣುಕಾಯಿ ಹಿಡಿದು ನನ್ನ ಬಾಗಿಲಿಗೆ ಬಂದರು. "ನಡೀರಿ ಮೇಷ್ಟ್ರೇ, ಮನುಷ್ಯರ ಕೈಲಿ ಆಯ್ಕಿಲ್ಲ ಇದು." ನಿಮಿಷಾಂಬ ಅಮ್ಮನವರ ಗುಡಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೋದೆವು.

ಅವತ್ತು ಸರಣಿಯ ಕೊನೆಯ ಮ್ಯಾಚು. ಡ್ರೈವರಣ್ಣನ ಮುಖ, ಘಾಟಿಯಲ್ಲಿ ಬ್ರೇಕು ಹಿಡಿಯದ ಬಸ್ಸು ಓಡಿಸುತ್ತಿರುವವರ ಹಾಗಿತ್ತು. ಅರ್ಚಕರು ಸಂಕಲ್ಪಕ್ಕೆ "ಯಾರ ಹೆಸರಿಗೆ?" ಅಂದರು.

"ಇಂಡಿಯಾ ಟೀಮು ಸ್ವಾಮಿ."

ಅರ್ಚಕರಿಗೆ ನಗು ಬಂದರೂ ತಡೆದುಕೊಂಡರು. "ಅಷ್ಟು ಜನರ ನಕ್ಷತ್ರ ಎಲ್ಲಿ ಹುಡುಕೋಣ? ಒಬ್ಬ ಯಜಮಾನರು ಅಂತ ಇರ್ತಾರಲ್ಲ, ಕೋಚು. ಅವರ ಹೆಸರಿಗೆ ಮಾಡಿಬಿಡ್ಲೇ?"

ಡ್ರೈವರಣ್ಣ ಗಾಬರಿಯಿಂದ ಹಣ್ಣುಕಾಯಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ಬ್ಯಾಡಿ ಬ್ಯಾಡಿ ಸ್ವಾಮಿ! ಅವನಿಗೆ ಪುಣ್ಯ ಗಿಣ್ಯ ಬಂದು ಇನ್ನೂ ಎಲ್ಡು ವರ್ಸ ಅಲ್ಲೇ ಇದ್ಬುಟ್ಟಾನು!"

ಟಗರು

ಕಿರಂಗೂರಿನ ಯುವಕರ ಸಂಘದವರು ನಾಗಮಂಗಲದ ಕಡೆ ಒಂದು ಟೆನ್ನಿಸ್ ಬಾಲ್ ಟೂರ್ನಮೆಂಟಿಗೆ ಹೊರಟಿದ್ದರು. ಮೊದಲ ಬಹುಮಾನ ಒಂದು ಟಗರು. "ದೇಸದ್ ಟೀಮಿಗೇ ಬುದ್ಧಿ ಹೇಳ್ತೀರಿ, ನಮಗೊಂದೀಟು ಹೇಳ್ಕೊಡಿ" ಎಂದು ನನ್ನನ್ನೇ ಕೋಚು ಮಾಡಿಕೊಂಡರು. ನಾನು ಬಿಟ್ಟೇನೆ? ಎಡಗೈ ಬಲಗೈ ಜೋಡಿ, ಮೊದಲ ಓವರಿಗೇ ಸ್ಪಿನ್ನು, ಬ್ಯಾಟಿಂಗ್ ಕ್ರಮದಲ್ಲಿ ಬದಲಾವಣೆ, ಇಷ್ಟು ವರ್ಷ ಟೀವಿ ಮುಂದೆ ಕೂತು ಯಾರಿಗೋ ಹೇಳುತ್ತಿದ್ದುದನ್ನೆಲ್ಲ ಇವರಿಗೆ ಹೇಳಿದೆ.

ಹೊರಡುವ ದಿನ ಟೆಂಪೋ ಹತ್ತಿದಾಗ ಕ್ಯಾಪ್ಟನ್ನನ ಅಜ್ಜಿ ಬೀದಿಗೆ ಬಂದು, "ಮಸಾಲೆ ರುಬ್ಬಿ ಮಡಗಿರ್ತೀನಿ ಕಣ್ರಲಾ, ಬಿರ್ನೆ ಬನ್ನಿ" ಎಂದು ಕೂಗಿದಳು. ಆಟ ಸೋತರೆ ಸರಿ, ರುಬ್ಬಿದ ಮಸಾಲೆಗೆ ಏನು ಉತ್ತರ ಹೇಳುವುದು?

ಫೈನಲ್ಲಿಗೆ ಬಂದೆವು. ಟಗರನ್ನು ಬೌಂಡರಿ ಪಕ್ಕದಲ್ಲೇ ಕಟ್ಟಿದ್ದರು. ನಮ್ಮ ಹುಡುಗರ ಕಣ್ಣು ಬಾಲಿಗಿಂತ ಹೆಚ್ಚು ಅದರ ಮೇಲೇ ಇತ್ತು. ಚೆನ್ನಾಗಿ ಹೊಡೆಯುತ್ತಿದ್ದ ಆರಂಭದ ಹುಡುಗನನ್ನು ನಾನು ತಂತ್ರ ಮಾಡಿ ಕೆಳಗೆ ಇಳಿಸಿದ್ದೆ. ಅವನು ಬ್ಯಾಟು ಹಿಡಿದುಕೊಂಡು ಕಾಯುತ್ತಾ ಇದ್ದ ಹಾಗೇ ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಅವನು ಹೋಗುವ ಹೊತ್ತಿಗೆ ಆಚೆ ತುದಿಯಲ್ಲಿ ನಿಲ್ಲಲು ಜನ ಉಳಿದಿರಲಿಲ್ಲ. ಟಗರು ಬೇರೆ ಊರಿನ ಟೆಂಪೋ ಹತ್ತಿತು.

ವಾಪಸ್ ಬರುವಾಗ, ಪಾಂಡವಪುರ ದಾಟಿದ ಮೇಲೆ ಹಿಂದಿನಿಂದ ಒಬ್ಬ ಮೆಲ್ಲಗೆ, "ಮೊದ್ಲು ಕೋಚನ್ನ ತಗೀಬೇಕು ಕಣ್ಲಾ," ಅಂದ. ನಾನು ಕಿಟಕಿಯ ಹೊರಗಿನ ಕಬ್ಬಿನ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಾ ಕೂತೆ.

ಕಿರಂಗೂರಿನಲ್ಲಿ ಅಜ್ಜಿ ಕಾಯುತ್ತಿದ್ದಳು. ಟೆಂಪೋದೊಳಗೆ ಬಗ್ಗಿ ನೋಡಿದಳು. ಟಗರು ಇರಲಿಲ್ಲ, ನಾನಿದ್ದೆ.

"ಏನಪ್ಪಾ, ನೀ ಹೇಳ್ಕೊಟ್ಟಂಗೆ ಆಡಿ ಸೋತ್ರೋ, ಹೇಳ್ಕೊಟ್ಟಿದ್ ಬುಟ್ಟು ಆಡಿ ಸೋತ್ರೋ?"

ಎರಡರಲ್ಲಿ ಯಾವುದನ್ನು ಹೇಳಿದರೂ ನನಗೆ ಉಳಿಗಾಲವಿಲ್ಲ. ದೊಡ್ಡ ದೊಡ್ಡ ಕೋಚುಗಳೆಲ್ಲ ಸೋತ ಮೇಲೆ ಹೇಳುವ ಮಾತನ್ನೇ ಹೇಳಿದೆ. "ಪಿಚ್ಚು ಸರಿಯಿರ್ಲಿಲ್ಲ ಅಜ್ಜಿ."

ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಗೆದ್ದೋರು ಎಲ್ಲಾಡಿದ್ರು ಮತ್ತೆ, ಪಕ್ಕದ್ ಹೊಲದಲ್ಲಾ?"

ಹೆಣ್ಣು ನೋಡಲು ಹೋದದ್ದು

ನನ್ನ ಅಕ್ಕನ ಮಗ ಆಲೆಮನೆ ನಡೆಸುತ್ತಾನೆ. ಬೆಲ್ಲ ಎಲ್ಲರಿಗೂ ಬೇಕು, ಬೆಲ್ಲ ಕಾಯಿಸುವವನಿಗೆ ಹೆಣ್ಣು ಕೊಡುವವರು ಯಾರೂ ಇಲ್ಲ. ಬಂದ ಸಂಬಂಧಗಳೆಲ್ಲ ಮುರಿದು, ಕೊನೆಗೆ ಕೆ.ಆರ್. ಪೇಟೆಯಲ್ಲಿ ಒಬ್ಬರು "ಬನ್ನಿ ನೋಡವಾ" ಅಂದಿದ್ದರು. ಕಾರು ಹತ್ತುವ ಮುಂಚೆ ಅಕ್ಕ ನನ್ನ ಕೈ ಹಿಡಿದು, "ನಿನ್ ಕಾಲಿಗೆ ಬೀಳ್ತೀನಿ ಕಣಪ್ಪ, ಅಲ್ಲಿ ಕ್ರಿಕೆಟ್ ಮಾತು ಎತ್ಬ್ಯಾಡ," ಅಂದಳು. ಮಾತು ಕೊಟ್ಟೆ.

ಮಾತು ನಾನು ಎತ್ತಲೂ ಇಲ್ಲ. ಹೋಗಿ ಕೂತರೆ ಹುಡುಗಿಯ ಅಪ್ಪನೇ ಟೀವಿ ಹಾಕಿಕೊಂಡು ಕೂತಿದ್ದಾರೆ. ನಮ್ಮವರು ಬೌಲಿಂಗಿನಲ್ಲಿ ಚಚ್ಚಿಸಿಕೊಳ್ಳುತ್ತಿದ್ದರು. ಅವರು ನಮ್ಮತ್ತ ತಿರುಗದೆಯೇ, "ಈ ಬೌಲಿಂಗ್ ಕೋಚನ್ನ ಮೊದ್ಲು ಮನೆಗ್ ಕಳುಸ್ಬೇಕು," ಅಂದರು.

ನಾನು ನಾಲಿಗೆ ಕಚ್ಚಿಕೊಂಡೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಬೌಂಡರಿ ಹೋಯಿತು. "ಅಲ್ವಾ ಮೇಷ್ಟ್ರೇ?" ಅಂದರು. ಕೇಳಿದ ಮೇಲೆ ಹೇಳದೆ ಇರಲಾಗುತ್ತದೆಯೇ?

"ಬೌಲರ್‌ಗಳದ್ದೇನ್ ತಪ್ಪು? ಬ್ಯಾಟಿಂಗಲ್ಲಿ ಇಷ್ಟ್ ಕಮ್ಮಿ ಹೊಡುದ್ರೆ ಅವರಾದ್ರೂ ಏನ್ ಮಾಡ್ತಾರೆ?"

"ಅಂದ್ರೆ ನನಗೆ ಕ್ರಿಕೆಟ್ ತಿಳಿಯಾಕಿಲ್ಲ ಅಂತೀರಾ?"

"ಅಂಗಲ್ಲ..."

"ಮತ್ತೆಂಗೆ?"

ಧ್ವನಿ ಏರಿತು. ಅವರು ಕುರ್ಚಿ ನನ್ನ ಕಡೆ ತಿರುಗಿಸಿಕೊಂಡರು. ನಾನು ಸ್ಕೋರು ಹೇಳಿದೆ, ಅವರು ಎಂದೋ ಆದ ಇನ್ನೊಂದು ಮ್ಯಾಚಿನ ಸ್ಕೋರು ಹೇಳಿದರು. "ನಮ್ ಮನೇಲ್ ಕೂತ್ಕಂಡು ನಮಗೇ ಹೇಳ್ಕೊಡ್ತೀರಾ?" ಎಂಬಲ್ಲಿಗೆ ಬಂತು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಳಿಯ ಬೆಲ್ಲದ ಪಾಕದ ಹಾಗೆ ಬೆವರುತ್ತಿದ್ದ. ಈ ಸಂಬಂಧವೂ ಮುರಿಯಿತು, ಅದೂ ನನ್ನಿಂದ, ಎಂದು ಗೊತ್ತಾಗುತ್ತಿತ್ತು. ಆದರೂ ಬಾಯಿ ನಿಲ್ಲಲಿಲ್ಲ.

ಆಗ ಹುಡುಗಿ ಕಾಫಿ ತಂದಳು. ತಟ್ಟೆ ಹಿಡಿದು ನಮ್ಮಿಬ್ಬರ ಮಧ್ಯೆ ನಿಂತು, ಟೀವಿ ಕಡೆ ಒಮ್ಮೆ ನೋಡಿ, "ಅಪ್ಪಾ, ನೀನೂ ತಪ್ಪು, ಅವ್ರೂ ತಪ್ಪು. ಆಗ್ಲಿಂದ ಎಷ್ಟು ಕ್ಯಾಚ್ ಬುಟ್ಟವ್ರೆ ನೋಡಿದ್ರಾ? ಕೈಗ್ ಬಂದಿದ್ದನ್ನ ಇಡ್ಕಳಾಕೆ ಬರ್ದಿದ್ರೆ ಯಾವ್ ಕೋಚ್ ಇದ್ರೇನು?" ಅಂದಳು.

ಹುಡುಗಿ ಅಳಿಯನ ಕಡೆ ತಿರುಗಿ ಲೋಟ ಕೊಟ್ಟಳು. ಅವನು ಕೈ ಚಾಚಿದ, ಅವಳ ಮುಖ ನೋಡಿದ, ಲೋಟ ಕೈಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಕಾಫಿ ನನ್ನ ಬಿಳೀ ಪಂಚೆಗೆ.

"ನೋಡಿ, ಇಲ್ಲೂ ಅದೇ ಕತೆ," ಅಂದಳು.

ಮೊದಲು ನಕ್ಕವರು ಅವರಪ್ಪ. ಆಮೇಲೆ ಅಕ್ಕ. ವಾರದೊಳಗೆ ಒಪ್ಪಿಗೆಯ ಫೋನು ಬಂತು. ಹುಡುಗಿ ಅವರಮ್ಮನಿಗೆ ಹೇಳಿದಳಂತೆ: "ಹುಡ್ಗ ಒಳ್ಳೇವ್ನಂಗೆ ಕಾಣ್ತಾನೆ ಕಣವ್ವ. ಫೀಲ್ಡಿಂಗ್ ಒಂದ್ ನಾನ್ ಕಲಿಸ್ಕತೀನಿ."

ದೊಡ್ಡಪ್ಪನಿಗೆ ಹೇಳಿದ ಮ್ಯಾಚು

ತೊಣ್ಣೂರಿನಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. ರೇಡಿಯೋ ಕಾಲದಿಂದ ಒಂದು ಮ್ಯಾಚೂ ಬಿಟ್ಟವರಲ್ಲ. ನನಗೆ ಈ ಹುಚ್ಚು ಹಿಡಿಸಿದವರೇ ಅವರು. ಹೋದ ವರ್ಷ ಎದೆನೋವು ಬಂದು ಮೈಸೂರಿಗೆ ಕರೆದುಕೊಂಡು ಹೋದೆವು. ಜೀವ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಉದ್ವೇಗ ಆಗೋದು ಯಾವುದೂ ಬೇಡ," ಅಂದರು. ಉಪ್ಪು ಬಿಡಿಸಿದರು, ಬೀಡಿ ಬಿಡಿಸಿದರು. ದೊಡ್ಡಪ್ಪ ಎರಡಕ್ಕೂ ತಲೆಯಾಡಿಸಿದರು. ಕ್ರಿಕೆಟ್ ಅಂದಾಗ ಮಾತ್ರ ಮುಖ ಗೋಡೆಗೆ ತಿರುಗಿಸಿದರು.

ಅದಾದ ಸ್ವಲ್ಪ ದಿನಕ್ಕೇ ಫೈನಲ್ ಮ್ಯಾಚು ಬಂತು. ಅವರ ಸೊಸೆ, ನನಗೆ ಅತ್ತಿಗೆ, ಫೋನು ಮಾಡಿದರು. "ಟೀವಿ ಕೆಟ್ಟೋಗೈತೆ ಅಂತ ಸುಳ್ಳೇಳಿವ್ನಿ. ಬೆಳಿಗ್ಗೆಯಿಂದ ಊಟ ಮುಟ್ಟಿಲ್ಲ. ನೀವ್ ಬಂದು ಪಕ್ಕದಲ್ ಕೂತ್ಕಂಡು ಮೊಬೈಲ್ ನೋಡ್ಕಂಡು ಸ್ಕೋರ್ ಹೇಳಿ. ಸೋಲಂಗಿದ್ರೂ ಗೆಲ್ತಾವ್ರೆ ಅಂತಾನೇ ಹೇಳ್ಬುಡಿ. ಅವರ್ ಜೀವ ನಿಮ್ ಬಾಯಲ್ಲೈತೆ."

ಹೋದೆ. ದೊಡ್ಡಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನಾನು ಎದುರಿಗೆ, ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡು, ಮೊಬೈಲಿನ ಸದ್ದು ಅಡಗಿಸಿ, ಅವರಿಗೆ ಕಾಣದ ಹಾಗೆ ಹಿಡಿದುಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದರು. "ಶುರು ಮಾಡ್ಲಾ."

ನಮ್ಮವರು ಚೇಸಿಂಗು. ಎರಡನೇ ಓವರಿನಲ್ಲೇ ವಿಕೆಟ್ಟು ಬಿತ್ತು. "ಫೋರು ದೊಡ್ಡಪ್ಪ! ಕವರಲ್ಲಿ!" ಅಂದೆ. ಅವರು ತಲೆದೂಗಿದರು. ಇನ್ನೊಂದು ಬಿತ್ತು. "ಸಿಕ್ಸು!" ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳಿಸುತ್ತಿತ್ತು. ನೆಚ್ಚಿನ ಬ್ಯಾಟ್ಸ್‌ಮನ್ ಬೌಲ್ಡ್ ಆದಾಗ ಕಣ್ಣಲ್ಲಿ ನೀರು ಬಂತು. "ಯಾಕ್ಲಾ ಅಳ್ತೀಯ?" ಅಂದರು. "ಸಂತೋಷಕ್ಕೆ ದೊಡ್ಡಪ್ಪ, ಸೆಂಚುರಿ ಹೊಡೆದ."

ಅವರ ಹಿಡಿತ ಬಿಗಿಯಾಗುತ್ತಾ ಹೋಯಿತು. ಅತ್ತಿಗೆ ಬಾಗಿಲಲ್ಲಿ ನಿಂತು ಒಮ್ಮೆ ಅವರ ಎದೆಯನ್ನು, ಒಮ್ಮೆ ನನ್ನ ಬಾಯನ್ನು ನೋಡುತ್ತಿದ್ದರು. ಮಾತ್ರೆ ಡಬ್ಬಿ ಅತ್ತಿಗೆಯ ಕೈಯಲ್ಲೇ ಇತ್ತು. ನಾನು ಹೆದರಿಕೆಗೆ ಇನ್ನೂ ಜೋರಾಗಿ ಹೊಡೆಸಿದೆ.

"ನಿಂತ್ಕಳ್ಲಾ," ಅಂದರು ದೊಡ್ಡಪ್ಪ. "ನೀ ಹೇಳಿದ್ ಲೆಕ್ಕ ಕೂಡುದ್ರೆ ಆವಾಗ್ಲೇ ಗೆದ್ದಾಯ್ತಲ್ಲ. ಇನ್ನೂ ಯಾಕ್ ಆಡ್ತಾವ್ರೆ?"

"ಅದು... ಒಂದ್ ನಾಲ್ಕು ಸಿಕ್ಸ್ ಅಂಪೈರು ವಾಪಸ್ ತಗಂಡ."

"ಓ. ಹೊಸಾ ರೂಲೇನೋ."

"ಹೂಂ, ಹೊಸಾ ರೂಲು."

ಅತ್ತ ಕೊನೆಯ ವಿಕೆಟ್ಟು ಬಿತ್ತು. ಇತ್ತ ನಾನು ಗೆಲ್ಲಿಸಿ, ಕಪ್ಪು ಎತ್ತಿಸಿ, ಪಟಾಕಿ ಹೊಡೆಸಿ ಸುಸ್ತಾಗಿ ಗೋಡೆಗೆ ಒರಗಿದೆ. ದೊಡ್ಡಪ್ಪ ನನ್ನ ಕೈ ಬಿಟ್ಟು, ತಲೆ ಸವರಿ, "ಒಳ್ಳೇದಾಯ್ತು ಕಣ್ಲಾ, ಮನೆಗೋಗಿ ಮನೀಕೋ," ಅಂದರು. ಉಸಿರಾಟ ನಿಧಾನವಾಗಿತ್ತು. ಮುಖ ಶಾಂತವಾಗಿತ್ತು. ಒಂದು ಜೀವ ಉಳಿಸಿದೆ ಎಂದುಕೊಂಡು ಹೊರಗೆ ಬಂದು ಜಗಲಿಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗಿನ ಮಾತು ಕೇಳಿಸಿತು.

"ಮನೆಗ್ ಓದ್ನಾ ಅವ್ನು?"

"ಓದ್ರು ಮಾವ."

"ಅಲ್ಲ ಕಣವ್ವ, ಈ ಕಿಟಕಿಯಿಂದ ಪಕ್ಕದ್ ಮನೆ ಟೀವಿ ಪೂರ್ತಿ ಕಾಣ್ತದೆ, ಅವನ್ ಬೆನ್ ಹಿಂದೇನೆ. ಒಬ್ಬೊಬ್ಬನೇ ಔಟಾಗಿ ಓಯ್ತಾವ್ನೆ, ಇವ್ನು ಸಿಕ್ಸು ಸಿಕ್ಸು ಅಂತ ಕಿರುಚ್ತಾವ್ನೆ, ಅಳ್ತಾವ್ನೆ. ಸೋಲ್ ತಡ್ಕಳಾಕಾಗ್ದೆ ತಲೆಗೇ ಏರ್ಬುಟ್ಟೈತೆ ಪಾಪ. ನಾನೂ ಹೂಂ ಹೂಂ ಅಂದ್ಕಂಡು ಎಂಗೋ ಸಮಾಧಾನ ಮಾಡಿ ಕಳುಸ್ದೆ. ನೀನೊಂದ್ ಕೆಲ್ಸ ಮಾಡು, ಅವನ್ ಹೆಂಡ್ತಿಗ್ ಫೋನ್ ಮಾಡಿ, ಮೈಸೂರ್ಗೆ ಕರ್ಕಂಡೋಗಿ ಒಳ್ಳೇ ಡಾಕ್ಟ್ರಿಗೆ ತೋರ್ಸು ಅನ್ನು!"