ನನ್ನ ಕಲ್ಲುಗಳಿಗೆ ಶ್ರೋತೃಗಳು ಬೇಕಾಗಿದ್ದಾರೆ

ಸಿಟ್ಟು ಬಂದರೆ ನನ್ನ ಹೆಂಡತಿ ಬೈಯುವುದಿಲ್ಲ. ಒದ್ದೆ ಬಟ್ಟೆ ಹಿಡಿದು ಹಿಂದಿನ ಕೋಣೆಗೆ ಹೋಗಿ ನನ್ನ ಕಲ್ಲುಗಳನ್ನು ಒರೆಸುತ್ತಾಳೆ. ಬೈದರೆ ಸವೆಯುವುದು ಗಂಡ ಮಾತ್ರ. ಒರೆಸಿದರೆ ಕೋಟ್ಯಂತರ ವರ್ಷ ಮಣ್ಣಿನಡಿ ಕಾದುಕೊಂಡಿದ್ದ ಎಲೆಯ ನರವೂ ಸವೆಯುತ್ತದೆ ಎಂದು ಅವಳಿಗೆ ಗೊತ್ತು. ಹೇಳಿಕೊಟ್ಟವನು ನಾನೇ. (ಮದುವೆಯಾದ ಹೊಸದರಲ್ಲಿ ಮನುಷ್ಯ ತನ್ನ ದೌರ್ಬಲ್ಯಗಳನ್ನೆಲ್ಲ ವಿವರವಾಗಿ ಹೇಳಿಕೊಂಡುಬಿಡುತ್ತಾನೆ. ಆಗ ಅದನ್ನು ಪ್ರೇಮ ಎನ್ನುತ್ತಾರೆ.)

ಕಲ್ಲು ಎಂದೆನಲ್ಲ, ಅದು ಅವಳ ಮಾತು; ಕೇಳಿ ಕೇಳಿ ನನ್ನ ಬಾಯಿಗೂ ಬಂದಿದೆ. ಅವು ಪಳೆಯುಳಿಕೆಗಳು. ನಾನು ನೀರು ಸರಬರಾಜು ಕಚೇರಿಯ ಎಂಜಿನಿಯರು. ಪೈಪು ಹೂಳಲು ನೆಲ ಅಗೆಸುವುದು ನನ್ನ ಉದ್ಯೋಗ. ಅಗೆದ ಗುಂಡಿಗೆ ಇಳಿದಾಗ ಬೇರೆ ಎಂಜಿನಿಯರುಗಳು ಪೈಪಿನ ಇಳಿಜಾರು ಸರಿಯಿದೆಯೇ ಎಂದು ನೋಡುತ್ತಾರೆ. ನಾನು ಮೊಣಕಾಲೂರಿ ಮಣ್ಣಿನ ಗೋಡೆ ನೋಡುತ್ತೇನೆ. ಊರಿನ ಕೆಲವು ಬೀದಿಗಳಿಗೆ ನೀರು ತಡವಾಗಿ ಬಂದದ್ದಕ್ಕೆ ಒಂದು ಸುರುಳಿ ಚಿಪ್ಪು ಕಾರಣ. ಆ ಬೀದಿಯವರು ಇದನ್ನು ಓದದಿರಲಿ.

ಹೀಗೆ ಕೂಡಿದ ಸಂಪತ್ತೆಲ್ಲ ಹಿಂದಿನ ಕೋಣೆಯ ತಟ್ಟೆಗಳಲ್ಲಿ ಹತ್ತಿಯ ಹಾಸಿಗೆಯ ಮೇಲೆ ಮಲಗಿದೆ. ಆ ಸುರುಳಿ ಚಿಪ್ಪು ಇದೆ. ಕಿವಿಗಿಟ್ಟರೆ ಸಮುದ್ರ ಕೇಳುವುದಿಲ್ಲ, ಸಮುದ್ರ ಹೋದಮೇಲಿನ ಮೌನ ಕೇಳುತ್ತದೆ. ಒಂದು ಶಾರ್ಕ್ ಹಲ್ಲು. ಕಪ್ಪು ಹಾಳೆಕಲ್ಲಿನಲ್ಲಿ ಒಂದು ಎಲೆ. ಯಾವುದೋ ಮಧ್ಯಾಹ್ನ ಮರದಿಂದ ಕಳಚಿ ಬಿದ್ದದ್ದು ಇನ್ನೂ ನೆಲ ಮುಟ್ಟಿಲ್ಲವೇನೋ ಎಂಬಂತೆ ಹಗುರ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಒಂದು ಚಪ್ಪಟೆ ಕಲ್ಲು. ಅದರ ತುಂಬ ಸಣ್ಣ ಸಣ್ಣ ಗುಳಿಗಳು. ಅವು ಮಳೆಹನಿಯ ಗುರುತು. ನಾವು ಯಾರೂ ಇಲ್ಲದ ಕಾಲದಲ್ಲಿ ಕೆಸರಿನ ಮೇಲೆ ಬಿದ್ದ ಒಂದು ಮಳೆ ಹಾಗೆಯೇ ಕಲ್ಲಾಗಿ ಉಳಿದಿದೆ. ಅದನ್ನು ಮನೆಗೆ ತಂದ ದಿನ ಚಪ್ಪಲಿಯನ್ನೂ ಬಿಡದೆ ಅವಳೆದುರು ಹಿಡಿದೆ. ಹೆಂಡತಿ ನೋಡಿ, "ಹಸಿ ಸಿಮೆಂಟ್ ಮೇಲೆ ಕೋಳಿ ಓಡಾಡಿದ ಹಾಗಿದೆ," ಎಂದು ಒಳಗೆ ಹೋದಳು.

"ನೋಡು ಬಾ, ಒಂದು ನಿಮಿಷ," ಎಂದು ಕರೆದಾಗಲೆಲ್ಲ ಅವಳದು ಒಂದೇ ಉತ್ತರ: "ಒಲೆ ಮೇಲೆ ಹಾಲಿಟ್ಟಿದ್ದೀನಿ." ನಮ್ಮ ಮನೆಯಲ್ಲಿ ನಾನು ಬಾಯಿ ತೆರೆದ ಕ್ಷಣವೇ ಹಾಲು ಉಕ್ಕುತ್ತದೆ.

ಇಂಥ ಸಂಸಾರದಲ್ಲಿ ಒಂದು ಬೆಳಗ್ಗೆ ಅವಳು ತಾನಾಗಿಯೇ ಹಿಂದಿನ ಕೋಣೆಗೆ ಬಂದು, ಕೈಯಲ್ಲಿ ಬಟ್ಟೆಯೂ ಇಲ್ಲದೆ ನಗುತ್ತ ನಿಂತಾಗ ನಾನು ಹೆದರಿದೆ.

"ರೀ, ಅಮ್ಮ ಬರ್ತಿದ್ದಾರೆ. ಇನ್ಮೇಲೆ ನಮ್ಮ ಜೊತೇನೇ ಇರ್ತಾರೆ."

"ಬರಲಿ ಬರಲಿ. ಸಂತೋಷ."

"ಈ ಕೋಣೆ ಅವರಿಗೆ."

"ಮತ್ತೆ ಇವೆಲ್ಲ?"

"ಬಾಲ್ಕನೀಲಿ ಕುಂಡಗಳ ಸುತ್ತ ಜೋಡಿಸ್ತೀನಿ. ನೀರು ಹಾಕಿದಾಗ ಮಣ್ಣು ಹರಿದು ಬರೋದು ನಿಲ್ಲುತ್ತೆ. ಕೊನೆಗೂ ಒಂದು ಉಪಯೋಗಕ್ಕೆ ಬಂದ ಹಾಗಾಯ್ತು."

"ಇವು ಯಾರೂ ಕಾಣದ ಕಾಲಕ್ಕೆ ಸಾಕ್ಷಿಗಳು ಕಣೇ!"

"ಸಾಕ್ಷಿ ಇದ್ದು ಏನು ಬಂತು? ಕೇಳೋರು ಯಾರಿದ್ದಾರೆ?"

ಈ ಮಾತು ನೇರವಾಗಿ ಎದೆಗೆ ನಾಟಿತು. ಕೇಳುವವರು! ಬದುಕಿನಲ್ಲಿ ನಾನು ಬೇಡಿದ್ದು ಅದೊಂದೇ. ಬಡ್ತಿ ಕೇಳಲಿಲ್ಲ, ಕಾರು ಕೇಳಲಿಲ್ಲ. ಒಂದು ಕಲ್ಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಯಾರಾದರೂ ಕುಳಿತು ಕೇಳಲಿ ಎಂದಷ್ಟೇ ಕೇಳಿದೆ. ಪೌರುಷ ಕೆರಳಿತು. "ಇದ್ದಾರೆ. ಭಾನುವಾರ ಕರೆಸಿ ತೋರಿಸ್ತೀನಿ," ಎಂದೆ.

"ಸರಿ, ನೋಡೇಬಿಡೋಣ. ಒಬ್ಬರು, ಒಬ್ಬರೇ ಒಬ್ಬರು ನಿಮ್ಮ ಕಲ್ಲಿನ ಪುರಾಣ ಕೇಳಿ 'ಇನ್ನೊಂದ್ಸಲ ಹೇಳಿ' ಅಂದ್ರೆ ಕೋಣೆ ನಿಮ್ಮದೇ. ಅಮ್ಮನಿಗೆ ನಡುಮನೇಲೇ ಮಂಚ ಹಾಕ್ತೀನಿ. ಯಾರೂ ಅನ್ನಲಿಲ್ಲ ಅಂದ್ರೆ ಕುಂಡ."

ಒಪ್ಪಂದವಾಯಿತು. ಗೆಲ್ಲುವುದು ಖಂಡಿತ ಎಂದು ನಂಬಿ ನಾನು ಆಯ್ದು ಆಯ್ದು ಅತಿಥಿಗಳನ್ನು ಕರೆದೆ. ಒಬ್ಬರು ಕೆಳಗಿನ ಮನೆಯ ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರ ಬಾಯಿಯೊಳಗೆ ಇಣುಕುವವರು ತಾಳ್ಮೆಯವರಾಗಿರಲೇಬೇಕು. ಅವರೊಂದಿಗೆ ಅವರ ಹೆಂಡತಿ. ಇನ್ನೊಬ್ಬರು ನನ್ನ ಮೇಲಧಿಕಾರಿ. ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಮೇನ್ ವಾಲ್ವ್' ಎನ್ನುತ್ತಾರೆ. ಅವರು ತಿರುಗದೆ ಒಂದು ಹನಿಯೂ ಮುಂದಕ್ಕೆ ಹೋಗುವುದಿಲ್ಲ.

ಭಾನುವಾರ ಸಭೆ ಸೇರಿತು. ನಾನು ಗಂಟಲು ಸರಿಪಡಿಸಿಕೊಂಡು ಭೂಮಿಯ ಉತ್ಪತ್ತಿಯಿಂದ ಆರಂಭಿಸಿದೆ. ಸಾಗರಗಳು ತಣ್ಣಗಾಗುವ ಹೊತ್ತಿಗೆ ಡಾಕ್ಟರ ಹೆಂಡತಿ ಅಡುಗೆಮನೆಗೆ ಎದ್ದುಹೋಗಿದ್ದರು. ಡಾಕ್ಟರು ಶಾರ್ಕ್ ಹಲ್ಲನ್ನು ಮಾತ್ರ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ನನ್ನ ಎದೆ ಹಿಗ್ಗಿತು.

"ಜೀವಮಾನದಲ್ಲಿ ಒಂದು ದಿನ ಹಲ್ಲುಜ್ಜಿಲ್ಲ. ಆದ್ರೂ ಒಂದು ಹುಳುಕಿಲ್ಲ ನೋಡಿ," ಎಂದರು.

"ಹೌದು ಡಾಕ್ಟ್ರೇ! ಅಷ್ಟೇ ಅಲ್ಲ, ಇವುಗಳ ಹಲ್ಲು ಬಿದ್ದ ಹಾಗೆಲ್ಲ ಹೊಸದು ಬರ್ತಾನೇ ಇರುತ್ತೆ."

ಡಾಕ್ಟರ ಮುಖ ಕಪ್ಪಿಟ್ಟಿತು. "ಇಂಥ ಪೇಷೆಂಟುಗಳು ಬಂದ್ರೆ ನಾವು ಬದುಕೋದು ಹೇಗ್ರೀ?" ಎಂದು ಹಲ್ಲನ್ನು ತಟ್ಟೆಗೆ ಹಾಕಿದರು. ಮತ್ತೆ ಅದರ ಕಡೆ ನೋಡಲಿಲ್ಲ.

ಉಳಿದವರು ಮೇನ್ ವಾಲ್ವ್. ಅವರಿಗೆ ಆಕಳಿಕೆ ಬರುವುದನ್ನು ಕಂಡು ನಾನು ಬತ್ತಳಿಕೆಯ ಕೊನೆಯ ಬಾಣ ತೆಗೆದೆ.

"ಸಾರ್, ಮಣ್ಣಲ್ಲಿ ಸಿಕ್ಕಿದ್ದು ಬರೀ ಕಲ್ಲೋ, ಕಲ್ಲಾದ ಮೂಳೆಯೋ ಅಂತ ಪತ್ತೆ ಮಾಡೋದು ಹೇಗೆ ಹೇಳಿ ನೋಡೋಣ?"

"ಲ್ಯಾಬಿಗೆ ಕಳಿಸಬೇಕು."

"ಬೇಡ ಸಾರ್. ನಾಲಿಗೆ ಸಾಕು."

ಕಲ್ಲಾದ ಮೂಳೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನಾಲಿಗೆ ತಾಗಿಸಿದರೆ ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಬರೀ ಕಲ್ಲು ಹಿಡಿಯುವುದಿಲ್ಲ. ಈ ವಿದ್ಯೆಯವರೆಲ್ಲ ಬಲ್ಲ ಉಪಾಯ ಇದು. ನಾನು ಒಂದು ಪಕ್ಕೆಲುಬಿನ ತುಂಡನ್ನು ನಾಲಿಗೆಗೆ ಅಂಟಿಸಿಕೊಂಡು, ಮಾತಾಡಲಾರದೆ, ನೋಡಿ ಎಂದು ಸನ್ನೆ ಮಾಡಿದೆ. ಮೇನ್ ವಾಲ್ವ್ ಅವರ ಕಣ್ಣಲ್ಲಿ ಮೊದಲ ಬಾರಿಗೆ ಬೆಳಕು ಮೂಡಿತು. ನೋಡನೋಡುತ್ತಿದ್ದಂತೆ ಅವರು ಪಕ್ಕದ ತಟ್ಟೆಗೆ ಕೈಹಾಕಿ, ಕಂದು ಬಣ್ಣದ ಗುಂಡನೆಯದೊಂದನ್ನು ಎತ್ತಿ, ನಾಲಿಗೆಯನ್ನು ಪೂರ್ತಿ ಹೊರಚಾಚಿ ಒತ್ತಿಕೊಂಡರು. ನನ್ನ ನಾಲಿಗೆಗೆ ಪಕ್ಕೆಲುಬು ಅಂಟಿತ್ತು. ಬೇಡವೆನ್ನಲು ಬಾಯಿಯಿಂದ ಹೊರಟದ್ದು "ಬೇ... ಬೇ..." ಎಂಬ ಕುರಿಯ ಸ್ವರ ಮಾತ್ರ.

"ಅಂಟ್ತು ಕಣ್ರೀ! ಅಂಟ್ತು!" ಅವರು ಅದನ್ನು ಕಿತ್ತು ಹುಡುಗನಂತೆ ಕೂಗಿದರು. "ಎಂಥಾ ಹಿಡಿತ! ಯಾವ ಮೂಳೆ ಇದು?"

ಪಕ್ಕೆಲುಬನ್ನು ನಾಲಿಗೆಯಿಂದ ಕಿತ್ತೆ. ಸುಳ್ಳು ಹೇಳಬಹುದಿತ್ತು. ಬೆನ್ನುಮೂಳೆ ಎಂದಿದ್ದರೆ ಬಡ್ತಿಯೇ ಸಿಗುತ್ತಿತ್ತೇನೋ. ಆದರೆ ವಿಜ್ಞಾನದ ವಿಷಯದಲ್ಲಿ ನಾನು ಹರಿಶ್ಚಂದ್ರ.

"ಮೂಳೆ ಅಲ್ಲ ಸಾರ್."

"ಮತ್ತೆ?"

"ಅದು... ಈ ಪಕ್ಕೆಲುಬಿನ ಪ್ರಾಣಿಯ ಹಿಕ್ಕೆ ಸಾರ್."

ಮೇನ್ ವಾಲ್ವ್ ಅವರ ನಾಲಿಗೆ ಒಳಗೆ ಹೋಗಬೇಕೋ ಹೊರಗೇ ಇರಬೇಕೋ ತಿಳಿಯದೆ ತುಟಿಯ ಮೇಲೆ ನಿಂತಿತ್ತು. ನಾನು ಸಮಾಧಾನ ಹೇಳಿದೆ. "ಗಾಬರಿ ಬೇಡಿ ಸಾರ್. ಬಹಳ ಹಳೇದು. ಈಗ ಪೂರ್ತಿ ಕಲ್ಲೇ." ಆದರೂ ಅವರ ಮುಖ ತಿಳಿಯಾಗಲಿಲ್ಲ. ಅವರು ಮಾಂಸ ಮುಟ್ಟದವರೆಂದು ನೆನಪಾಗಿ, "ಪ್ರಾಣಿ ಶುದ್ಧ ಸಸ್ಯಾಹಾರಿ ಸಾರ್," ಎಂದೂ ಸೇರಿಸಿದೆ.

ಆಮೇಲೆ ಅವರು ನಮ್ಮ ಬಚ್ಚಲುಮನೆಯಲ್ಲಿ ಬಹಳ ಹೊತ್ತು ಇದ್ದರು. ನೀರು ಸರಬರಾಜು ಇಲಾಖೆಯ ನೀರು ಅಷ್ಟು ಸದ್ಬಳಕೆಯಾದದ್ದನ್ನು ನಾನು ಸೇವಾವಧಿಯಲ್ಲೇ ಕಂಡಿಲ್ಲ. ಡಾಕ್ಟರು ನಗು ತಡೆಯಲಾಗದೆ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡರು. ಮೇನ್ ವಾಲ್ವ್ ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ಆಫೀಸಿನಲ್ಲಿ ಸಿಗೋಣ," ಎಂದರು. ಅದನ್ನು 'ಇನ್ನೊಂದ್ಸಲ' ಎಂದು ಲೆಕ್ಕಕ್ಕೆ ಹಿಡಿಯಲು ಹೆಂಡತಿ ಒಪ್ಪಲಿಲ್ಲ.

ಅತ್ತೆ ಬರುವ ದಿನ ಬಂತು. (ಇಲ್ಲಿ ಅತ್ತೆಗೂ ಪಳೆಯುಳಿಕೆಗೂ ಸಂಬಂಧ ಕಲ್ಪಿಸಿ ನೀವು ಮಾಡಲಿರುವ ಹಾಸ್ಯವನ್ನು ದಯವಿಟ್ಟು ನುಂಗಿಕೊಳ್ಳಿ. ನಾನೊಮ್ಮೆ ಮಾಡಿ ವಾರವಿಡೀ ಹೋಟೆಲಿನಲ್ಲಿ ಉಂಡವನು.) ನನ್ನತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿ ಎಂಬುದು ಶಾಲೆಯ ಕಡೆಯಿಂದ ಮಾತ್ರ. ಅವರ ಕಡೆಯಿಂದ ಇನ್ನೂ ಆಗಿಲ್ಲ. ಮನೆಗೆ ಕಾಲಿಟ್ಟವರೇ ಬಾಲ್ಕನಿಯ ಕಡೆ ನಡೆದರು. ಅಲ್ಲಿ ಗುಲಾಬಿ ಕುಂಡದಡಿ, ನೀರು ಸೋರುವ ಜಾಗದಲ್ಲಿ, ನನ್ನ ಮಳೆಯ ಕಲ್ಲು ಕೂತಿತ್ತು.

"ಇದನ್ನ ಇಲ್ಲಿ ಇಟ್ಟೋರು ಯಾರು?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಇಬ್ಬರೂ ಬೆಂಚಿನ ಮೇಲೆ ನಿಲ್ಲಿಸಿದ ಮಕ್ಕಳಂತೆ ತಲೆತಗ್ಗಿಸಿದೆವು.

"ಗುಳಿ ಗುಳಿ ಇದೆಯಲ್ಲ, ಏನಿದು ಅಳಿಯಂದ್ರೇ?"

ಹೇಳಿದೆ. ಅಂಜುತ್ತಂಜುತ್ತಲೇ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಒಂದು ಗುಳಿಯೊಳಗೆ ಕಿರುಬೆರಳ ತುದಿ ಇಟ್ಟರು. "ಆಮೇಲೆ?" ಎಂದರು.

ಆಮೇಲೆ! ಮದುವೆಯಾದಂದಿನಿಂದ ಈ ಮನೆಯಲ್ಲಿ ನನಗೆ ಯಾರೂ ಹೇಳದಿದ್ದ ಮಾತು. ನನ್ನ ಕಣ್ಣಲ್ಲಿ ನೀರೇ ಬಂತು. ಅಂದೇ ತಟ್ಟೆಗಳೆಲ್ಲ ಅತ್ತೆಯ ಅಪ್ಪಣೆಯಂತೆ ಕೋಣೆಗೆ ಮರಳಿದವು. ಮಂಚ ನಡುವೆ, ತಟ್ಟೆಗಳು ಸುತ್ತ. ದಿನವೂ ಕಚೇರಿಯಿಂದ ಬಂದವನೇ ನಾನು ಅವರೆದುರು ಪುಟ್ಟ ಮಣೆಯ ಮೇಲೆ ಕೂತು ಹೃದಯ ಬರಿದು ಮಾಡಿಕೊಳ್ಳುತ್ತಿದ್ದೆ. ಅವರು ಕೇಳುತ್ತಿದ್ದರು. ನಡುನಡುವೆ ತಿದ್ದುತ್ತಿದ್ದರು.

"ಕೈ ಆಡಿಸಬೇಡಿ. ಜನ ಕೈ ನೋಡ್ತಾರೆ, ಕಲ್ಲು ನೋಡಲ್ಲ."

"ಸರಿ ಅತ್ತೆ."

"'ಸರಿಸುಮಾರು' ಅನ್ನೋದನ್ನ ಬಿಟ್ಟುಬಿಡಿ. ಭೂಮಿ ಹುಟ್ಟಿದ್ದು ಇವತ್ತು ಬೇಡ, ಅದಾಗಲೇ ಹುಟ್ಟಿಯಾಗಿದೆ. ಈ ಎಲೆ ಎಲ್ಲಿ ಸಿಕ್ತು, ಅಷ್ಟು ಹೇಳಿ."

ಸಮಾನ ಹೃದಯವೊಂದು ಕೊನೆಗೂ ದೊರೆಯಿತೆಂದು ನಾನು ಸುಖದಲ್ಲಿ ಮೈಮರೆತೆ. ಸಂಜೆಯಿಂದ ಸಂಜೆಗೆ ನನ್ನ ಗಂಟು ಖಾಲಿಯಾಗಿ ಅವರ ಗಂಟು ತುಂಬುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ಒಂದು ಭಾನುವಾರ ಎಲ್ಲೋ ಪೈಪು ಒಡೆದು, ಕೆಸರು ಮೆತ್ತಿಕೊಂಡು ಮನೆಗೆ ಬಂದೆ. ಬಾಗಿಲಾಚೆ ಚಪ್ಪಲಿಗಳ ರಾಶಿ. ಯಾರಿಗೋ ಏನೋ ಆಗಿದೆ ಎಂದು ಹೆದರಿ ಒಳಗೆ ಓಡಿದೆ. ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕೆಳಗಿನ ಡಾಕ್ಟರು, ಅವರ ಹೆಂಡತಿ, ಅಕ್ಕಪಕ್ಕದ ಮನೆಯವರು. ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೈಕಟ್ಟಿ ಕೂತವರು ಸಾಕ್ಷಾತ್ ಮೇನ್ ವಾಲ್ವ್! ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗ, ಮೇಲಿನ ಮನೆಗೆ ಬಂದಿರುವ ಟೀಚರಮ್ಮನ ಕಥೆಗಳ ಸುದ್ದಿ ಅವರ ಕಿವಿಗೆ ಬಿತ್ತಂತೆ. ಬಾಯಿ ಮುಚ್ಚಿದೊಡನೆ ಹೊರಟುಬಂದರಂತೆ.

ಮಂಚದ ಮೇಲೆ ನನ್ನತ್ತೆ. ಮಡಿಲಲ್ಲಿ ನನ್ನ ಮಳೆ.

"ಅವತ್ತು ಮಳೆ ಬಂತು," ಅತ್ತೆ ಹೇಳುತ್ತಿದ್ದರು. "ಯಾರೂ ಬಟ್ಟೆ ಒಣಹಾಕಿರಲಿಲ್ಲ. ಯಾರ ಕೈಲೂ ಕೊಡೆ ಇರಲಿಲ್ಲ. ನೆನೆಯೋಕೆ ಅಂತ ಒಂದು ಹೂವು ಕೂಡ ಇನ್ನೂ ಹುಟ್ಟಿರಲಿಲ್ಲ. ಆದರೂ ಬಂತು. ಒಂದಿಷ್ಟು ಹೊತ್ತು ಬಂದು, ನಿಂತುಹೋಯ್ತು. ಕೆಸರು ಮಾತ್ರ ಅದನ್ನ ಮರೀಲೇ ಇಲ್ಲ."

ಹೂವಿನ ಮಾತು ನನ್ನದು! ನಾನೇ ಹೇಳಿಕೊಟ್ಟದ್ದು. 'ಹೂಬಿಡುವ ಸಸ್ಯವರ್ಗದ ವಿಕಾಸಕ್ಕೂ ಪೂರ್ವದ ಸರಿಸುಮಾರು ಅವಧಿಯಲ್ಲಿ' ಎಂದು ನಾನು ಹೇಳಿದಾಗ ಯಾರೂ ಹೀಗೆ ಉಸಿರು ಬಿಗಿಹಿಡಿದಿರಲಿಲ್ಲ.

ಯಾರೋ ಮೂಗು ಎಳೆದುಕೊಂಡ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಹೆಂಡತಿ. ಅಂಗೈಯಲ್ಲಿ ಗಲ್ಲವಿಟ್ಟು, ಕಣ್ಣು ತುಂಬಿಕೊಂಡು ಕೂತಿದ್ದಾಳೆ. ಅವಳ ಮುಖ ಅಷ್ಟು ಚಂದ ಕಂಡದ್ದು ಅಪರೂಪ.

"ಅಮ್ಮಾ, ಇನ್ನೊಂದ್ಸಲ ಹೇಳಮ್ಮ," ಎಂದಳು.

ಒಪ್ಪಂದದ ಪ್ರಕಾರ ಆ ಕ್ಷಣಕ್ಕೆ ಕೋಣೆ ನನ್ನದಾಯಿತು. ಆದರೆ ಅದನ್ನು ಘೋಷಿಸಲು ಒಳಗೆ ಹೋಗಬೇಕಿತ್ತು, ಜಾಗವಿರಲಿಲ್ಲ. ಹೊಸ್ತಿಲಿಗಿಂತ ಈಚೆ, ಗೋಡೆಗೆ ಬೆನ್ನು ಕೊಟ್ಟು ಕೆಸರು ಪ್ಯಾಂಟಿನಲ್ಲೇ ನೆಲದ ಮೇಲೆ ಕೂತೆ.

ಅತ್ತೆ ಇನ್ನೊಮ್ಮೆ ಹೇಳಿದರು. ಈ ಸಲ ಮಳೆಗೆ ಸ್ವಲ್ಪ ಗುಡುಗನ್ನೂ ಸೇರಿಸಿದರು. (ಗುಡುಗಿಗೆ ಯಾವ ಪುರಾವೆಯೂ ಇಲ್ಲ. ನಾನು ಖಂಡಿಸುತ್ತೇನೆ.) ಮುಗಿದಮೇಲೆ ಮೇನ್ ವಾಲ್ವ್ ಕೈಯೆತ್ತಿ, ಅನುಮತಿ ಸಿಕ್ಕಿದ ಮೇಲೆ, "ಇಂಥ ಅದ್ಭುತವನ್ನ ಹುಡುಕಿದ್ದು ಯಾರು ಟೀಚರ್?" ಎಂದು ಕೇಳಿದರು.

ನಾನು ಕೂದಲು ಸರಿಮಾಡಿಕೊಂಡೆ.

ಅತ್ತೆ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ. "ಯಾರು ಹುಡುಕಿದ್ರೆ ಏನು ಬಂತು?" ಎಂದರು. "ಮನೇಲೇ ಬಿದ್ದಿತ್ತು."

ತಡೆಯಲಾಗದೆ ಎದ್ದು ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು:

"ರೀ, ಕೂತ್ಕೊಳ್ಳಿ. ಹಿಂದಿರೋರಿಗೆ ಕಾಣಲ್ಲ."

ತಿರುಗಿ ನೋಡಿದೆ. ನನ್ನ ಹಿಂದೆ ಗೋಡೆ ಇತ್ತು. ಕೂತೆ.