ಜೇನು ನೆಕ್ಕಿಸುವ ಕೈ

ನಿವೃತ್ತನಾದವನು ಒಂದು ಹವ್ಯಾಸ ಇಟ್ಟುಕೊಳ್ಳಬೇಕು ಎಂದು ಬುದ್ಧಿ ಹೇಳುವವರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅವರು ಹೇಳಿ, ಚಹಾ ಕುಡಿದು, ಮನೆಗೆ ಹೋಗುತ್ತಾರೆ. ಊದಿದ ಮುಖ ಹೊತ್ತು ತಿರುಗುವವರು ನಾವು. ಗಿಡ ಬೆಳೆಸಿದ್ದರೆ ಒಣಗುತ್ತಿತ್ತು, ಅಷ್ಟೆ. ಗಿಣಿ ಸಾಕಿದ್ದರೆ ನನ್ನ ಬೈಗುಳ ಕಲಿಯುತ್ತಿತ್ತು. ನನಗೆ ಹೊಳೆದದ್ದು ಜೇನು. ರಾಯಚೂರಿನ ಬಿಸಿಲಿಗೆ ಮನುಷ್ಯರೇ ಊರು ಬಿಡುವ ಮಾತಾಡುವಾಗ, ರೆಕ್ಕೆ ಇರುವ ಜೀವ ನನ್ನ ಮಾಳಿಗೆಯ ಮೇಲೆ ನಿಂತೀತು ಎಂದು ನಂಬಿದೆನಲ್ಲ, ಆ ತಪ್ಪನ್ನು ಮಾತ್ರ ಯಾರ ತಲೆಗೂ ಕಟ್ಟಲಾರೆ. ಉಳಿದವನ್ನೆಲ್ಲ ಆಗಲೇ ಕಟ್ಟಿದ್ದೇನೆ.

ಮೊದಲ ಪೆಟ್ಟಿಗೆಯನ್ನು ದೇವದುರ್ಗ ತಾಲೂಕಿನ ಜಾಲಹಳ್ಳಿಯ ಒಬ್ಬ ದಾಳಿಂಬೆ ಬೆಳೆಗಾರರಿಂದ ತಂದೆ. ಅದರ ಬಾಯಿಗೆ ಜಾಳಿಗೆ ಬಡಿದು, ಹೆಂಡತಿಯ ಹಳೇ ಸೀರೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. "ಅದರಾಗ ಏನದರೀ?" ಎಂದ ಕಂಡಕ್ಟರ್. "ಹಾರ್ಮೋನಿಯಂ" ಎಂದೆ. ಅವನು ಬಗ್ಗಿ ಕಿವಿಗೊಟ್ಟ. "ಬಾರಿಸಲಾರದನ ಸ್ವರ ಹೊಂಟದಲ್ರೀ ಯಪ್ಪಾ!" ಎಂದು ಹೌಹಾರಿ ನನ್ನನ್ನು ಕಟ್ಟಕಡೆಯ ಸೀಟಿಗೆ ಅಟ್ಟಿದ. ಗುಂಡಿ ಬಂದಾಗಲೆಲ್ಲ ನಾನು ಮತ್ತು ಜೇನು ಕೂಡಿಯೇ ಹಾರಿದೆವು.

ಆ ಜೇನು ಕುಟುಂಬ ಹನ್ನೆರಡು ದಿನ ಬಾಳಿತು. ಜೇನುತುಪ್ಪ ಎಷ್ಟು ಕೂಡಿತು ಎಂದು ನೋಡಲು ನಾನು ದಿನಾಲೂ, ಅನ್ನ ಬೆಂದಿತೇ ಎಂದು ನೋಡುವವರ ಹಾಗೆ, ಮುಚ್ಚಳ ಎತ್ತುತ್ತಿದ್ದೆ. ಹದಿಮೂರನೆಯ ಬೆಳಿಗ್ಗೆ ಎತ್ತಿದರೆ ಪೆಟ್ಟಿಗೆ ಖಾಲಿ. "ಹಿಂಗ ದಿನಾ ಬಾಗಿಲಾ ತೆಗದು ಇಣುಕಿದ್ರ ನಾನೂ ತವರಿಗಿ ಹೋಗ್ತಿದ್ದೆ" ಎಂದಳು ನನ್ನ ಹೆಂಡತಿ ನೀಲಮ್ಮ. ನಮ್ಮ ಬಡಾವಣೆಯ ಆಚೆ ಹತ್ತಿ ಹೊಲಗಳಿವೆ. ಆಮೇಲೆ ತಂದ ಎರಡನೆಯ ಕುಟುಂಬ ಅಲ್ಲಿಗೆ ಹೂವು ಹುಡುಕಿ ಹೋಗಿ ಬಂದು ಮಾಳಿಗೆಯ ಮೇಲೆ ಸತ್ತು ಬಿತ್ತು. ಹೊಲದವನ ಮನೆಗೇ ಹೋಗಿ ಕೂಗಾಡಿದೆ. ಅವನು ತಣ್ಣಗೆ, "ಯಪ್ಪಾ, ನನ್ನ ಹತ್ತಿ ಹುಳಕ್ಕ ನಾ ವಿಷದ ಎಣ್ಣಿ ಹೊಡದೀನಿ. ನಿಮ್ಮ ಹುಳಾ ಹೇಳಲಾರದ ಕೇಳಲಾರದ ನನ್ನ ಹೊಲಕ್ಕ ಯಾಕ ಬಂದ್ವು?" ಎಂದ. ಮನೆಗೆ ಬಂದು ಕಸಬರಿಗೆಯಿಂದ ಸತ್ತ ಹುಳಗಳನ್ನು ಗುಡಿಸುವಾಗ ಕಣ್ಣಲ್ಲಿ ನೀರು ಬಂತು. ನೀಲಮ್ಮ ಅದನ್ನು ನೋಡಿಬಿಟ್ಟಳೆಂದು ಅವಳ ಮೇಲೂ ರೇಗಿದೆ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅದೇ ಹೊತ್ತಿಗೆ ಮಾನ್ವಿಗೆ ಕೊಟ್ಟ ಮಗಳು ಸುಜಾತಾ ಬಸುರಿ ಎಂಬ ಸುದ್ದಿ ಬಂತು. ಕೂಸಿಗೆ ಮೊದಲ ಜೇನು ಯಾರು ನೆಕ್ಕಿಸುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಹುಟ್ಟುವ ಮೊಮ್ಮಗುವಿಗೆ ನನ್ನ ಜೇನನ್ನು ನಾನೇ ನೆಕ್ಕಿಸಬೇಕು ಎಂದು ಹಟ ಹಿಡಿದು ಮೂರನೆಯ ಕುಟುಂಬ ತಂದೆ. ಹೆಣ್ಣು ಕೂಸು ಹುಟ್ಟಿದಾಗ ಡಾಕ್ಟರಮ್ಮ, "ವರ್ಷ ತುಂಬೋತನಕ ಕೂಸಿಗೆ ಜೇನು ತೋರಿಸಲೂ ಬ್ಯಾಡ್ರಿ" ಎಂದು ಗದರಿದರು. ಬೇರೆ ಯಾರಾದರೂ ಹಾಗೆ ಗದರಿದ್ದರೆ ಜಗಳವಾಗುತ್ತಿತ್ತು. ಪೆಟ್ಟಿಗೆಯಲ್ಲಿ ಇನ್ನೂ ಏನೂ ಇರಲಿಲ್ಲವಾದ್ದರಿಂದ ತಲೆಯಾಡಿಸಿದೆ. ಆ ವರ್ಷ ಪೂರ್ತಿ ಮುಚ್ಚಳ ನೀಲಮ್ಮನ ವಶದಲ್ಲಿತ್ತು. ಬೇಸಿಗೆಯಲ್ಲಿ ಚಿಪ್ಪಿನಲ್ಲಿ ಸಕ್ಕರೆ ನೀರಿಟ್ಟು, ಹಸಿ ಗೋಣಿಚೀಲ ಹೊದಿಸಿ, ಸದ್ದಿಲ್ಲದೆ ಇಳಿದು ಬರುತ್ತಿದ್ದಳು. ಕೊನೆಗೆ ಒಂದು ಬಾಟಲಿ ಜೇನು ಸಿಕ್ಕಿತು. ತೆಗೆಯುವಾಗ ನನಗೆ ಹದಿನಾಲ್ಕು ಕಡೆ ಕಚ್ಚಿದವು. ಪಕ್ಕದಲ್ಲೇ ಹೊಗೆ ಹಿಡಿದು ನಿಂತವಳಿಗೆ ಒಂದೂ ಇಲ್ಲ.

ಮೊಮ್ಮಗಳಿಗೆ ವರ್ಷ ತುಂಬಿದ ದಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಾನ್ವಿಗೆ ಹೋದೆವು. ಬೀಗರು ಬೆಳ್ಳಿ ಬಟ್ಟಲು ತಂದಿಟ್ಟರು. ನಾನು ಕೈ ತೊಳೆದುಕೊಂಡು, ಒರೆಸಿಕೊಂಡು, ಬೆರಳು ಮುಂದೆ ಮಾಡಿ ಕೂತೆ. ಸುಜಾತಾ ಬಟ್ಟಲು ಎತ್ತಿ ತನ್ನವ್ವನ ಕಡೆ ಸರಿಸಿದಳು.

"ಅಪ್ಪಾ, ಸಿಟ್ಟ ಮಾಡ್ಕೋಬ್ಯಾಡ. ಜೇನು ನಿಂದೇ. ನೆಕ್ಕಿಸೋದು ಮಾತ್ರ ಅವ್ವ ನೆಕ್ಕಿಸ್ಲಿ."

"ಯಾಕ? ನನ್ನ ಗುಣಕ್ಕ ಏನಾಗ್ಯದ?"

ಸ್ವಲ್ಪ ಜೋರಾಗಿಯೇ ಕೇಳಿರಬೇಕು, ಅಡುಗೆಮನೆಯಿಂದ ಇಬ್ಬರು ಹೊರಗೆ ಬಂದು ನಿಂತರು. ಬೀಗರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಮಗಳ ಮುಖ ನೋಡಿದೆ. ಅವಳು ಹೆದರಿದ್ದಳು. ಚಿಕ್ಕಂದಿನಲ್ಲಿ ಪ್ರಗತಿ ಪತ್ರಕ್ಕೆ ನನ್ನ ಸಹಿ ಕೇಳಲು ಬಂದಾಗಲೂ ಹೀಗೆಯೇ ನಿಲ್ಲುತ್ತಿದ್ದಳು. ಹದಿನಾಲ್ಕು ಕಡೆ ಕಚ್ಚಿಸಿಕೊಂಡದ್ದಕ್ಕಿಂತ ಇದು ಹೆಚ್ಚು ಉರಿಯಿತು.

ನೀಲಮ್ಮ ಬೆರಳ ತುದಿಯಲ್ಲಿ ಹನಿ ತೆಗೆದು ನೆಕ್ಕಿಸಿದಳು. ಕೂಸು ಚಪ್ಪರಿಸಿ ನಕ್ಕಿತು. ಸಾಕೆಂದು ಅವಳು ಕೈ ಹಿಂದೆ ತೆಗೆದಳೋ ಇಲ್ಲವೋ, ಕೂಸು ಕಿಟಾರನೆ ಕಿರುಚಿ, ಬೆಳ್ಳಿ ಬಟ್ಟಲನ್ನು ತಳ್ಳಿ ಉರುಳಿಸಿ, ಕೆಂಪು ಮುಖ ಮಾಡಿಕೊಂಡು ಮನೆಯನ್ನೇ ತಲೆಯ ಮೇಲೆ ಹೊತ್ತಿತು. ನೆಕ್ಕಿಸಿದವಳು ಅಜ್ಜಿ. ಆದರೂ ಕೂಡಿದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ನನ್ನ ಗುಣವೇ ಗೆದ್ದಿತು ಎಂದು ಬೀಗಬೇಕಿತ್ತು ನಾನು. ಬೀಗಲಾಗಲಿಲ್ಲ. ನೆಲದಲ್ಲಿ ಹರಿಯುತ್ತಿದ್ದ ನನ್ನ ಜೇನನ್ನು ಬಿಟ್ಟು ಆ ಪುಟ್ಟ ಕೆಂಪು ಮುಖವನ್ನೇ ನೋಡುತ್ತ, "ಇನ್ನೊಂದು ಹನಿ ನೆಕ್ಕಿಸು ನೀಲಾ, ನಿನ್ನ ಕೈಯಿಂದನ ನೆಕ್ಕಿಸು" ಎಂದು ಮೆಲ್ಲಗೆ ಬೇಡಿಕೊಂಡೆ.